ಗುಡ್ಡ ಕೊಡದವರ ಮನೆಯಲ್ಲಿ

ಹೋದ ತಿಂಗಳು ಜೇವರ್ಗಿ ಸಮೀಪದ ಒಂದು ಹೊಲಕ್ಕೆ ಸೋಲಾರ್ ಪಂಪು ಕೂಡಿಸಲು ಹೋಗಿದ್ದೆ. ಬದುವಿನಾಚೆ ತೊಗರಿ ರಾಶಿ ನಡೆದಿತ್ತು. ಮಷೀನು ಕಾರಿದ ಹೊಟ್ಟು ಗಾಳಿಗೆ ತಿರುಗಿ ನನ್ನ ಮುಖ, ಕೊರಳು, ಬಿಚ್ಚಿಟ್ಟ ಬುತ್ತಿ ಎಲ್ಲದರ ಮೇಲೂ ಬಿತ್ತು. ಮೂಗು ಕೆರೆಯುವ ಒಣ ವಾಸನೆ. ಮೊದಲು ಸೀನು ಬಂತು, ಆಮೇಲೆ ಸಿಟ್ಟು ಬಂತು. ಬುತ್ತಿ ಕೆಟ್ಟಿತೆಂದು ನನಗೆ ಸಿಟ್ಟು ಬಂದಿದೆ ಎಂದು ತಿಳಿದ ಹೊಲದ ಯಜಮಾನರು ಬೇರೆ ರೊಟ್ಟಿ ತರಿಸಿಕೊಟ್ಟರು. ಅವರಿಗೆ ಏನಂತ ಹೇಳಲಿ? ನನಗೆ ಸಿಟ್ಟು ಬಂದದ್ದು ಆಳಂದ ತಾಲ್ಲೂಕಿನ ಒಂದು ಊರಿನ ಮೇಲೆ. ಅಲ್ಲಿ ನಾನು ಒಂದು ಬೇಸಿಗೆಯಿಂದ ತೊಗರಿ ರಾಶಿಯವರೆಗೆ ಇದ್ದೆ. ಅಷ್ಟು ದಿನವೂ ಆ ಊರು ನನಗೆ ಹೊಟ್ಟೆ ತುಂಬ ಉಣಿಸಿತು. ಕೇಳಿದ್ದೊಂದನ್ನು ಮಾತ್ರ ಕೊಡಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೂ ಒಂದು ಸಭೆ ಕರೆಯುತ್ತಾರೆ. ಕಡಗಂಚಿಯಿಂದ ಒಳದಾರಿ ಹಿಡಿದರೆ ಸಿಗುತ್ತದೆ ಅಂದರೆ ಸಾಕು. ಊರ ಹಿಂದೆ ಎರಡು ಗುಡ್ಡಗಳಿವೆ, ರೊಟ್ಟಿಯ ಹಂಚು ಬೋರಲು ಹಾಕಿದಂತೆ, ನೆತ್ತಿ ಚಪ್ಪಟೆ. ಒಂದು ದೊಡ್ಡದು, ಊರಿಗೆ ಅಂಟಿಕೊಂಡೇ ಇದೆ. ಇನ್ನೊಂದು ಸಣ್ಣದು, ತುಸು ದೂರ, ಪಕ್ಕದ ಊರಿನ ಸೀಮೆಗೆ ಸೇರಿದ್ದು. ಎರಡನ್ನೂ ಕೂಡಿಸಿ ಜೋಡಗುಡ್ಡ ಅನ್ನುತ್ತಾರೆ. ಬೇಸಿಗೆಯಲ್ಲಿ ನೋಡಿದರೆ ಕಲ್ಲು, ಮುಳ್ಳುಕಂಟಿ, ಅಲ್ಲಲ್ಲಿ ಸೀತಾಫಲದ ಗಿಡ, ಇಷ್ಟೇ. ನಾನು ಮೊದಲು ನೋಡಿದ್ದು ಬೇಸಿಗೆಯಲ್ಲೇ. ಇದನ್ನು ಯಾರು ಬೇಡವೆನ್ನುತ್ತಾರೆ, ಹದಿನೈದು ದಿನದ ಕೆಲಸ ಅಂದುಕೊಂಡೆ.

ಡಿಪ್ಲೊಮಾ ಮುಗಿಸಿ ಎಲ್ಲೆಲ್ಲೋ ತಿರುಗಿದ ಮೇಲೆ ಮನೆಗೆ ಹತ್ತಿರದಲ್ಲಿ ಸಿಕ್ಕ ಮೊದಲ ಕೆಲಸ ಅದು. ಒಂದು ಸೋಲಾರ್ ಕಂಪನಿಗೆ ಜೋಡಗುಡ್ಡದಲ್ಲಿ ದೊಡ್ಡದರ ನೆತ್ತಿ ಬೇಕಾಗಿತ್ತು. ನೆತ್ತಿಯಲ್ಲಿ ಕೆಲವು ರೈತರ ಹೊಲಗಳಿದ್ದವು, ಇಳಿಜಾರೆಲ್ಲ ಊರ ದನಕರು ಮೇಯುವ ಸರಕಾರಿ ಗಾಯರಾಣ. ಹೊಲದವರು ಲೀಸಿಗೆ ಒಪ್ಪಬೇಕು, ಊರು ಹೂಂ ಅನ್ನಬೇಕು. ಒಪ್ಪಿಸುವುದು ನನ್ನ ಕೆಲಸ. ಹೈದರಾಬಾದಿನಲ್ಲಿ ಕೂತಿದ್ದ ಮ್ಯಾನೇಜರು ನನ್ನನ್ನು ಆರಿಸಿದ್ದು ನಾನು ಆ ಕಡೆಯ ಮಾತು ಆಡುತ್ತೇನೆ ಎಂಬ ಕಾರಣಕ್ಕೆ. ಮಳೆಗಾಲ ಮುಗಿಯುವುದರೊಳಗೆ ಕೆಲಸವಾದರೆ ಕಲಬುರಗಿ ಆಫೀಸಿನಲ್ಲಿ ಕಾಯಂ ಮಾಡುತ್ತೇನೆ ಎಂದಿದ್ದರು. ನನ್ನ ಹೆಂಡತಿ ರೇಣುಕಾ ಆಗ ಯಡ್ರಾಮಿಯಲ್ಲಿ ನರ್ಸ್. ಮದುವೆಯಾದಾಗಿನಿಂದ ನಾವು ಒಂದು ಮನೆಯಲ್ಲಿ ಒಟ್ಟಿಗೆ ಇದ್ದದ್ದು ರಜೆಯಲ್ಲಿ ಮಾತ್ರ. ಕಲಬುರಗಿಯಾದರೆ ಅವಳೂ ವರ್ಗ ಕೇಳಬಹುದಿತ್ತು. ದಿನಾ ರಾತ್ರಿ ಫೋನಿನಲ್ಲಿ ಅವಳ ಮೊದಲ ಮಾತು ಒಂದೇ: "ಗುಡ್ಡ ಏನಂತದ?"

ಆ ಊರಿನಲ್ಲಿ ಬಾಡಿಗೆಗೆ ಖಾಲಿ ಇದ್ದದ್ದು ಶಾಂತಾಬಾಯಿಯವರ ಮನೆಯ ಮುಂದಿನ ಕೋಣೆಯೊಂದೇ. ಶಾಂತಾಬಾಯಿ ಐವತ್ತು ದಾಟಿದವರು. ಗಂಡ ತೀರಿಕೊಂಡಿದ್ದರು, ಮಗಳನ್ನು ಅಫಜಲಪುರಕ್ಕೆ ಕೊಟ್ಟಿದ್ದರು. ಹಿಂದೊಮ್ಮೆ ಪಂಚಾಯಿತಿ ಮೆಂಬರ್ ಆಗಿದ್ದರು. ಆ ಗತ್ತು ಹೋಗಿರಲಿಲ್ಲ. ಮನೆಯ ಇನ್ನರ್ಧದಲ್ಲಿ ಅವರ ಮೈದುನ ಹಣಮಂತರಾಯ ಹೆಂಡತಿ ಮಕ್ಕಳೊಂದಿಗೆ ಇದ್ದರು. ಊಟ ಹೊರಗೆಲ್ಲೂ ಸಿಗುವುದಿಲ್ಲ ಅಂತ ಶಾಂತಾಬಾಯಿಯೇ ರೊಟ್ಟಿ ಹಾಕಲು ಒಪ್ಪಿದರು. ನಾನು ಯಾವ ಕೆಲಸಕ್ಕೆ ಬಂದವನು ಎಂದು ಅವರು ಕೇಳಲಿಲ್ಲ. ಊರಲ್ಲಿ ಗುಡ್ಡಕ್ಕೆ ಅಡ್ಡ ನಿಲ್ಲುವವರು ಇವರೇ ಆಗುತ್ತಾರೆ ಎಂದು ನನಗೂ ಗೊತ್ತಿರಲಿಲ್ಲ. ಗೊತ್ತಾದಾಗ ನಾನು ಅವರ ಮನೆಯ ಪುಂಡಿಪಲ್ಯಕ್ಕೆ ಬಾಯಿ ಹೊಂದಿಸಿಕೊಂಡು ವಾರವಾಗಿತ್ತು.

ಮೊದಲ ಸಭೆ ಶಾಲೆಯ ವರಾಂಡದಲ್ಲಿ ನಡೆಯಿತು. ಕಂಪನಿಯವರು ಹೈದರಾಬಾದಿನಿಂದ ಒಂದು ಬ್ಯಾನರ್ ಮಾಡಿಸಿ ಕಳಿಸಿದ್ದರು. ಅದನ್ನು ಕಟ್ಟುವ ಮೊದಲು ನಾನು ಬಿಚ್ಚಿ ನೋಡಬೇಕಾಗಿತ್ತು. ಸೋಲಾರ್ ಹಾಕಿದ ಮೇಲೆ ನಿಮ್ಮ ಗುಡ್ಡ ಹೀಗೆ ಕಾಣುತ್ತದೆ ಎಂಬ ಚಿತ್ರ. ಅದರಲ್ಲಿ ಫಲಕಗಳ ಸಾಲಿನ ಪಕ್ಕ ತೆಂಗಿನ ಮರಗಳು, ನಡುವೆ ಒಂದು ಹೊಳೆ, ಹೊಳೆಯಲ್ಲಿ ಬಾತುಕೋಳಿ. ಜನ ಬಹಳ ಹೊತ್ತು ನೋಡಿದರು. ಶಾಂತಾಬಾಯಿ ಎದ್ದು ಬ್ಯಾನರಿನ ಹತ್ತಿರ ಹೋಗಿ ಬಾತುಕೋಳಿಯ ಮೇಲೆ ಬೆರಳಿಟ್ಟು, ಇದು ಯಾವ ಊರ್ರಿ ಅಂದರು. ಅವತ್ತು ಅಷ್ಟೇ. ಯಾರೂ ಬೇಡವೆನ್ನಲಿಲ್ಲ. ಎಲ್ಲರೂ ಚಾ ಕುಡಿದರು, ನೋಡೂಣ್ರಿ ಅಂದರು, ಮನೆಗೆ ಹೋದರು.

ನೋಡೂಣ್ರಿ ಅನ್ನುವ ಈ ಮಾತು ನನ್ನ ಆ ವರ್ಷವನ್ನು ತಿಂದಿತು. ನಾನೂ ಇದೇ ಜಿಲ್ಲೆಯವನು, ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿದವನು. ಅದಕ್ಕೆ ಹೂಂ ಎಂಬ ಅರ್ಥವಿಲ್ಲ, ಉಹೂಂ ಎಂಬ ಅರ್ಥವೂ ಇಲ್ಲ ಎಂದು ನನಗೆ ಗೊತ್ತಿರಬೇಕಾಗಿತ್ತು. ಮ್ಯಾನೇಜರಿಗೆ ಫೋನು ಮಾಡಿ, ನೋಡೋಣ ಅಂದಿದ್ದಾರೆ ಸರ್ ಎಂದಾಗ ಅವರು ಅದನ್ನು ಅರ್ಧ ಒಪ್ಪಿಗೆ ಎಂದು ಬರೆದುಕೊಂಡರು.

ಮುಂಗಾರು ಶುರುವಾಯಿತು. ಊರವರು ತೊಗರಿ, ಹೆಸರು ಬಿತ್ತಿದರು. ನಾನು ಮನೆಮನೆ ತಿರುಗಿದೆ. ಮೊದಲು ಬಂದ ತಕರಾರು ಆಡುಗಳದ್ದು. ಮೆಹಬೂಬಸಾಬ ಎಂಬ ಹಿರಿಯರ ಆಡಿನ ಹಿಂಡು ದಿನಾ ಗುಡ್ಡ ಹತ್ತುತ್ತಿತ್ತು. ಬೇಲಿ ಹಾಕಿದರೆ ಆಡು ಎಲ್ಲಿಗೆ ಹೋಗಬೇಕು ಎಂದರು. ನ್ಯಾಯವಾದ ಮಾತು. ಮ್ಯಾನೇಜರ ಜೊತೆ ನಾಲ್ಕು ಸಲ ಜಗಳವಾಡಿ ಇಳಿಜಾರಿಗೆ ಬೇಲಿ ಬೇಡ, ಹಿಂಡು ಹಾಯಲು ದಾರಿ ಬಿಡುತ್ತೇವೆ ಎಂದು ಒಪ್ಪಿಸಿ, ಓಡಿ ಬಂದು ಹೇಳಿದೆ. ಮೆಹಬೂಬಸಾಬ ಬಹಳ ಸಂತೋಷಪಟ್ಟು ನನಗೆ ಆಡಿನ ಹಾಲಿನ ಚಾ ಕೊಟ್ಟರು. ಕುಡಿದು ಮುಗಿಸುವುದರೊಳಗೆ ನೀರಿನ ತಕರಾರು ಬಂತು. ಗುಡ್ಡದ ನೀರು ಹಳ್ಳಕ್ಕೆ ಬರುತ್ತದೆ, ಹಳ್ಳದಿಂದ ಬಾವಿಗಳಿಗೆ ಒರತೆ. ಅದಕ್ಕೂ ಕಂಪನಿಯ ಎಂಜಿನಿಯರನ್ನು ಕರೆಸಿ, ಕಾಲುವೆ ತೋಡಿ ನೀರನ್ನು ಹಳ್ಳಕ್ಕೇ ಬಿಡುತ್ತೇವೆ ಎಂದು ಹೇಳಿಸಿದೆ. ಆಮೇಲೆ ಶ್ರಾವಣ ಸೋಮವಾರ ನೆತ್ತಿಗೆ ಹೋಗಿ ಉಣ್ಣುವ ಹಾಸುಗಲ್ಲಿನ ಮಾತು ಬಂತು. ಅದನ್ನು ಬಿಟ್ಟು ಫಲಕ ಹಾಕುತ್ತೇವೆ ಅಂದೆವು. ಆಮೇಲೆ ಸಿಡಿಲು. ಅಷ್ಟು ಕಬ್ಬಿಣ ನೆತ್ತಿ ಮೇಲೆ ನಿಲ್ಲಿಸಿದರೆ ಊರಿನ ಪಾಲಿನ ಸಿಡಿಲೆಲ್ಲ ಅಲ್ಲೇ ಬೀಳುತ್ತದಂತೆ. ಬಿದ್ದರೆ ಒಳ್ಳೆಯದಲ್ಲವೇ, ಊರಿಗೆ ತಪ್ಪಿತಲ್ಲ ಎಂದೆ. ಒಬ್ಬರೂ ನಗಲಿಲ್ಲ. ಆಮೇಲೆ ನವಿಲು ಬಂತು. ಆಮೇಲೆ ಸೀತಾಫಲ.

ಒಂದು ತಕರಾರಿಗೆ ಉತ್ತರ ತಂದ ದಿನವೇ ಇನ್ನೊಂದು ಹುಟ್ಟುತ್ತಿತ್ತು. ಅವೆಲ್ಲ ಹುಟ್ಟುತ್ತಿದ್ದದ್ದು ನಾನಿದ್ದ ಮನೆಯ ಪಡಸಾಲೆಯಲ್ಲಿ. ಸಂಜೆ ನಾನು ಕೋಣೆಯಲ್ಲಿ ಕೂತರೆ ಗೋಡೆಯಾಚೆ ಶಾಂತಾಬಾಯಿ ಹತ್ತು ಜನರನ್ನು ಕೂಡಿಸಿಕೊಂಡು ನಾಳೆ ಸೋಲಾರ್ ಸಾಹೇಬರಿಗೆ ಏನು ಕೇಳಬೇಕು ಎಂದು ಮಾತಾಡುವುದು ಪೂರ್ತಿ ಕೇಳಿಸುತ್ತಿತ್ತು. ದನಿ ಇಳಿಸುವ ಗೊಡವೆಗೂ ಹೋಗುತ್ತಿರಲಿಲ್ಲ. ಸಭೆ ಮುಗಿದ ಮೇಲೆ ಅವರೇ ನನ್ನ ಬಾಗಿಲಿಗೆ ಬಂದು ಕರೆಯುತ್ತಿದ್ದರು: "ತಮ್ಮಾ, ರೊಟ್ಟಿ ಆರ್ತಾವ, ಬಾ." ಸಭೆಯಲ್ಲಿ ಸೋಲಾರ್ ಸಾಹೇಬ, ತಾಟಿನ ಮುಂದೆ ತಮ್ಮ. ನನಗೂ ಹಾಗೇ ರೂಢಿಯಾಯಿತು. ಹಗಲು ಅವರನ್ನು ಮ್ಯಾನೇಜರ ಮುಂದೆ ಬೈಯುತ್ತಿದ್ದೆ, ರಾತ್ರಿ ಅಕ್ಕಾರ ಇನ್ನೊಂದು ರೊಟ್ಟಿ ಹಾಕ್ರಿ ಎನ್ನುತ್ತಿದ್ದೆ. ಎರಡರಲ್ಲೂ ಸುಳ್ಳಿರಲಿಲ್ಲ.

ಶ್ರಾವಣದಲ್ಲಿ ಗುಡ್ಡ ಹಸಿರಾಯಿತು. ನಾನು ಜೇವರ್ಗಿಯ ಕಡೆ ಎರೆಭೂಮಿಯ ಬಯಲಲ್ಲಿ ಬೆಳೆದವನು. ನಮ್ಮಲ್ಲಿ ಹಸಿರು ಎಂದರೆ ನೆಲಕ್ಕೆ ಹಾಸಿದ್ದು. ಇಲ್ಲಿ ಅದು ಎದ್ದು ನಿಂತಿತು. ಬೆಳಿಗ್ಗೆ ಕದ ತೆರೆದರೆ ಎದುರಿಗೆ ಗುಡ್ಡ, ಅದರ ಮೇಲೆ ಮೋಡದ ನೆರಳು ಸರಿಯುತ್ತಿತ್ತು. ಕಡಗಂಚಿ ಯೂನಿವರ್ಸಿಟಿಯ ಹುಡುಗ ಹುಡುಗಿಯರು ಬೈಕಿನಲ್ಲಿ ಬಂದು ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಅವರಲ್ಲಿ ಒಬ್ಬರು ಅದನ್ನು ನೆಟ್ಟಿನಲ್ಲಿ ಎಲ್ಲೋ ಹಾಕಿ, ಜೋಡಗುಡ್ಡ ಉಳಿಸಿ ಎಂದು ಬರೆದರು. ಅದನ್ನು ನನಗೆ ಕಳಿಸಿದವರು ಹೈದರಾಬಾದಿನ ಮ್ಯಾನೇಜರು; ಇದೇನು ಎಂದು ಕೇಳಿದರು. ಮಳೆಗಾಲ ಸರ್, ಎಂದೆ.

ಅದೇ ಹೊತ್ತಿಗೆ ಸರ್ವೆ ಶುರುವಾಯಿತು. ಕಂಪನಿಯ ಸರ್ವೆಯವರು ಬಂದು ದೊಡ್ಡ ಗುಡ್ಡದ ನೆತ್ತಿಯಲ್ಲಿ ಕೆಂಪು ಬಣ್ಣ ಬಳಿದ ಗೂಟಗಳನ್ನು ಸಾಲಾಗಿ ನೆಟ್ಟು ಹೋದರು. ಮರುದಿನ ಒಂದೂ ಇರಲಿಲ್ಲ. ಮತ್ತೆ ನೆಟ್ಟರು, ಮತ್ತೆ ಮಾಯ. ಸರ್ವೆಯವರು ನನ್ನನ್ನು ಬೈದರು, ಮ್ಯಾನೇಜರು ನನ್ನನ್ನು ಬೈದರು, ಕಾವಲಿಗೆಂದು ಇಟ್ಟವನು ಎರಡು ದಿನ ಕಾಯ್ದು ಹೊಲದ ಕಳೆ ತೆಗೆಯುವುದಿದೆ ಎಂದು ಹೋಗಿಬಿಟ್ಟ. ಕಡೆಗೆ ಮಳೆಯಲ್ಲಿ ನಾನೇ ಗುಡ್ಡ ಹತ್ತಿ ಕಂಟಿಕಂಟಿ ಹುಡುಕಿದೆ. ಕೆಸರಲ್ಲಿ ಜಾರಿ ಬಿದ್ದು ಮೊಣಕಾಲು ತರಚಿಕೊಂಡು ಬಂದೆ. ಕಾಲು ತೊಳೆಯಲು ಹಿತ್ತಲಿಗೆ ಹೋದರೆ ಶಾಂತಾಬಾಯಿಯವರ ಹೀರೇಕಾಯಿ ಬಳ್ಳಿ ಸೊಂಪಾಗಿ ಹಬ್ಬಿತ್ತು, ಕೆಂಪು ಬಣ್ಣದ ಗೂಟಗಳ ಮೇಲೆ. ಎಣಿಸಲಿಲ್ಲ. ಎಣಿಸುವ ಅಗತ್ಯವಿರಲಿಲ್ಲ.

ಅವರು ಬಚ್ಚಲ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅಡಗಿಸುವ ಪ್ರಯತ್ನವನ್ನೇನೂ ಮಾಡಲಿಲ್ಲ.

"ನಿಮ್ಮ ಗೂಟ ಭಾಳ ಚಲೋ ಅದಾವ," ಅಂದರು. "ಹ್ವಾದ ವರ್ಷದ್ದು ನಾ ಹಾಕಿದ್ದು ಗೆದ್ದಲ ತಿಂದಿತ್ತು."

"ಅಕ್ಕಾರ, ಇದು ಕಂಪನಿ ಸಾಮಾನದ್ರಿ. ನನ್ನ ನೌಕರಿ ಹೋಗ್ತದ."

"ಮೊಣಕಾಲಿಗೆ ಏನಾತು? ಅರಿಶಿಣ ಹಚ್ಚತೇನಿ, ಒಳಗ ಬಾ."

ಅವತ್ತು ರಾತ್ರಿ ಹೀರೇಕಾಯಿ ಪಲ್ಯ. ನಾನು ಸಿಟ್ಟಿನಿಂದ ಎರಡು ಸಲ ಹಾಕಿಸಿಕೊಂಡು ಉಂಡೆ. ದೂರು ಕೊಡಬೇಕಾಗಿತ್ತೇನೋ. ಯಾರ ಮೇಲೆ ಕೊಡುವುದು? ರೇಣುಕಾಗೆ ಫೋನಿನಲ್ಲಿ ಹೇಳಿದರೆ ಅವಳು ಮೊದಲು ನಕ್ಕಳು. ಆಮೇಲೆ, ಹಂಗಾದ್ರ ಈ ವರ್ಷ ಕಲಬುರಗಿ ಇಲ್ಲೇನು ಎಂದು ಕೇಳಿದಳು. ನೋಡೂಣು ಎಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು ಕೇಳಿ ನನಗೇ ಬೇಸರವಾಯಿತು.

ಊರೆಲ್ಲ ಒಂದೇ ಕಡೆ ಇತ್ತು ಎಂದರೆ ತಪ್ಪಾಗುತ್ತದೆ. ಹಣಮಂತರಾಯರು ನನ್ನ ಕಡೆ ಇದ್ದರು. ದೊಡ್ಡ ಗುಡ್ಡದ ನೆತ್ತಿಯ ಹೊಲಗಳಲ್ಲಿ ಅವರದೇ ದೊಡ್ಡದು. ಅವರು ಕೊಟ್ಟರೆ ಮಿಕ್ಕವರು ಕೊಡುತ್ತಿದ್ದರು. ಎರಡು ಸಲ ನನ್ನನ್ನು ಮೇಲೆ ಕರೆದುಕೊಂಡು ಹೋಗಿ ತಮ್ಮ ಹೊಲ ತೋರಿಸಿದ್ದರು. ಮಣ್ಣು ಗೇಣುದ್ದ ಇಲ್ಲ. ಕೂರಿಗೆ ಹೂಡಿದರೆ ಕಲ್ಲಿಗೆ ತಾಗಿ ಕಿಡಿ ಬರುತ್ತದೆ. ಎತ್ತು ಹತ್ತುವಾಗ ಸೋಲುತ್ತದೆ, ಇಳಿಯುವಾಗ ಜಾರುತ್ತದೆ. ಪ್ರತಿ ವರ್ಷ ಕಲ್ಲು ಆರಿಸಿ ಬದುವಿಗೆ ಹಾಕುತ್ತಾರೆ, ಮರುವರ್ಷ ಅಷ್ಟೇ ಕಲ್ಲು ಮತ್ತೆ ಎದ್ದಿರುತ್ತವೆ. ಅವರಿಗೆ ಅತ್ತಿಗೆಯ ಮೇಲೆ ಗೌರವವಿತ್ತು. ಅವರನ್ನು ವೈನಿ ಎಂದೇ ಕರೆಯುತ್ತಿದ್ದರು, ಎದುರು ಕೂಡುತ್ತಿರಲಿಲ್ಲ. ಆದರೆ ಭಾದ್ರಪದದಲ್ಲಿ ಒಂದು ಸಂಜೆ ಪಡಸಾಲೆಯ ಸಭೆಗೆ ತಾವಾಗಿ ಬಂದು ನಿಂತರು. ಶಾಂತಾಬಾಯಿ ಗುಡ್ಡ ಊರಿನ ಮಾನ ಎನ್ನುವ ಅರ್ಥದ ಮಾತೇನೋ ಆಡುತ್ತಿದ್ದರು.

"ವೈನಿ, ನೀವು ಗುಡ್ಡ ನೋಡೋದು ಕೆಳಗ ನಿಂತು," ಅಂದರು ಹಣಮಂತರಾಯರು. "ನಾ ಅದನ್ನ ಮ್ಯಾಲ ನಿಂತು ಉಳತೇನಿ. ಕೆಳಗಿಂದ ಎಲ್ಲಾ ಚಂದ ಕಾಣಸ್ತದ."

ಶಾಂತಾಬಾಯಿ, ಹೊಲ ನಿನ್ನದು ಹಣಮಂತಾ, ಕೊಡು, ನಾ ಏನು ಕೈ ಹಿಡೀತೇನೇನು ಎಂದರು. ಆ ಕೊಡು ಎಂಬ ಮಾತು ಕೊಡಬೇಡ ಎನ್ನುವುದಕ್ಕಿಂತ ಗಟ್ಟಿಯಾಗಿತ್ತು. ಮರುದಿನದಿಂದ ಎರಡು ಮನೆಗಳ ನಡುವಿನ ಬಾಗಿಲು ಮುಚ್ಚಿತು. ಹಣಮಂತರಾಯರ ಮಕ್ಕಳು ದೊಡ್ಡವ್ವನ ಮನೆಗೆ ಬರಲು ಬೀದಿ ಸುತ್ತಿ ಬರುತ್ತಿದ್ದವು. ನಾನು ನಡುವೆ ಸಿಕ್ಕಿದೆ. ಹಣಮಂತರಾಯರು ನನ್ನನ್ನು ಹೊರಗೆ ಕರೆದು, ಸಾಹೇಬ್ರ, ಲಗೂನ ಮುಗಸ್ರಿ, ಇಲ್ಲಾ ಲಗೂನ ಹೋಗ್ರಿ, ಮನಿ ಒಡೀಲಾಕತ್ತದ ಎಂದರು. ಎರಡೂ ನನ್ನ ಕೈಯಲ್ಲಿರಲಿಲ್ಲ. ಲೀಸಿನ ಕಾಗದ ಕಳಿಸಿ ಎಂದು ಕೇಳಿದರೆ ಕಂಪನಿಯವರು, ಮೊದಲು ಊರಿನ ಒಪ್ಪಿಗೆ ತಾ, ಆಮೇಲೆ ಕಾಗದ ಎನ್ನುತ್ತಿದ್ದರು. ಊರಿನ ಒಪ್ಪಿಗೆ ಕೇಳಿದರೆ ಊರು ನವಿಲಿನ ಕಥೆ ಹೇಳುತ್ತಿತ್ತು.

ತೊಗರಿ ಹಳದಿ ಹೂ ಬಿಟ್ಟ ಕಾಲಕ್ಕೆ ಕಡೆಯ ಸಭೆ ಗೊತ್ತಾಯಿತು. ಮ್ಯಾನೇಜರು ಸ್ವತಃ ಹೈದರಾಬಾದಿನಿಂದ ಬಂದರು. ತೀರ ಒಳ್ಳೆಯ ಬೂಟು ಹಾಕಿಕೊಂಡಿದ್ದರು. ಮತ್ತದೇ ಶಾಲೆಯ ವರಾಂಡ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಹಣಮಂತರಾಯರು ಸಹಿ ಹಾಕಲು ತಯಾರಾಗಿ ಇಸ್ತ್ರಿ ಅಂಗಿ ತೊಟ್ಟು ಮುಂದೆ ಕೂತಿದ್ದರು. ಅವತ್ತು ಮುಗಿಯುತ್ತದೆ ಎಂದು ನಾನು ನಂಬಿದ್ದೆ. ನಾನು ಒಂದೊಂದಾಗಿ ಕಂಪನಿ ಒಪ್ಪಿದ್ದನ್ನೆಲ್ಲ ಹೇಳಿದೆ: ಆಡಿನ ದಾರಿ, ಹಳ್ಳದ ನೀರು, ಹಾಸುಗಲ್ಲು, ಸೀತಾಫಲದ ಗಿಡ. ಆಗ ಹಿಂದಿನಿಂದ ಯಾರೋ ಒಬ್ಬರು, ಅಲ್ರಿ, ಆ ಫಳಫಳ ಬೆಳಕಿಗೆ ಜೇನು ಬರ್ತಾವೋ ಇಲ್ಲೋ ಎಂದು ಕೇಳಿದರು.

ಜೇನು. ಆರು ತಿಂಗಳಲ್ಲಿ ಒಬ್ಬರೂ ಎತ್ತದಿದ್ದ ಜೇನು. ನನ್ನ ತಲೆ ಕೆಟ್ಟಿತು. ಅಷ್ಟು ಜನರ ಮುಂದೆ ಕೂಗಿದೆ. ನಿಮ್ಮ ಮನೆಯಲ್ಲಿ ಲೈಟು ಬೇಡವೇನು? ಮೋಟರು ಬೇಡವೇನು? ಕರೆಂಟು ಹೋದರೆ ನನಗೇ ಬಂದು ಕೇಳುತ್ತೀರಿ, ನಾನೇನು ಲೈನ್‌ಮನ್ನೇ? ನಾನು ಒಂದು ಕಾರಣಕ್ಕೆ ಉತ್ತರ ತಂದರೆ ನೀವು ಮತ್ತೊಂದು ತರುತ್ತೀರಿ. ನಾಳೆ ಬದಲಾಗದಂಥ ಒಂದೇ ಒಂದು ಕಾರಣ ಹೇಳಿ, ನಾನು ಇವತ್ತೇ ಗಂಟು ಕಟ್ಟುತ್ತೇನೆ. ಹೀಗೆ ಇನ್ನೂ ಏನೇನೋ ಅಂದೆ. ಕಡೆಗೆ ಕೂತೆ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಶಾಂತಾಬಾಯಿ ಎದ್ದರು. ಸಭೆಯಲ್ಲಿ ಮೊದಲ ಸಲ ಅವರು ನನ್ನನ್ನು ಸಾಹೇಬ ಅನ್ನಲಿಲ್ಲ.

"ತಮ್ಮಾ, ನಿನಗ ತಿಳಿಯೋ ಕಾರಣ ಹೇಳಕೋತ ಬಂದೇವಿ. ಆಡು ಅಂದ್ರ ನಿನಗ ತಿಳೀತದ. ನೀರು ಅಂದ್ರ ತಿಳೀತದ. ಖರೇ ಕಾರಣ ಹೇಳಿದ್ರ ನಗತೀರಿ ಅಂತ ಹೇಳಿಲ್ಲ."

"ಹೇಳ್ರಿ ಅಕ್ಕಾರ," ಎಂದೆ.

"ನಮಗ ಅದು ನೋಡಾಕ ಬೇಕು."

ಅವರು ಅಷ್ಟಕ್ಕೇ ಕೂಡುತ್ತಾರೆ ಅಂದುಕೊಂಡೆ. ಕೂಡಲಿಲ್ಲ. ನಿಧಾನವಾಗಿ, ಯಾರಿಗೂ ಹೇಳಿಕೊಳ್ಳದ್ದನ್ನು ಹೇಳುವವರಂತೆ, ತುಸು ನಾಚಿಕೊಂಡೇ ಹೇಳಿದರು. ಮದುವೆಯಾಗಿ ಈ ಊರಿಗೆ ಬಂದಾಗ ಅಳು ಬರುತ್ತಿತ್ತು. ಅಡಿಗೆ ಮನೆಯ ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು. ರೊಟ್ಟಿ ಬಡಿಯುತ್ತ ಅದನ್ನು ನೋಡುತ್ತಿದ್ದರು. ಗಂಡ ತೀರಿಕೊಂಡ ವರ್ಷವೂ ಅದನ್ನೇ ನೋಡಿದರು. ದೊಡ್ಡವರು ಊಟಿ, ಮಹಾಬಳೇಶ್ವರ ಎಂದು ನೋಡಲು ಹೋಗುತ್ತಾರೆ, ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ನಮ್ಮ ಪಾಲಿಗೆ ಇರುವುದು ಇದೊಂದು. ಹೆಂಗಸರ ಕಡೆಯಿಂದ ಯಾರೋ ಹೌದೆಂದರು. ಮೆಹಬೂಬಸಾಬರು ತಲೆಯಾಡಿಸಿದರು.

ಮ್ಯಾನೇಜರು ನನ್ನ ತೋಳು ಮುಟ್ಟಿ, ಆಕೆ ಏನಂದಳು ಎಂದು ಹಿಂದಿಯಲ್ಲಿ ಕೇಳಿದರು. ನಾನು ಅಷ್ಟನ್ನೂ ಹೇಳಬೇಕಾಗಿತ್ತು. ಆದರೆ ಸಿಟ್ಟು ಇನ್ನೂ ಇಳಿದಿರಲಿಲ್ಲ. "ದೇಖನೇ ಕೇ ಲಿಯೇ ಚಾಹಿಯೇ," ನೋಡಲಿಕ್ಕೆ ಬೇಕಂತೆ ಎಂದಷ್ಟೇ ಹೇಳಿದೆ. ಮ್ಯಾನೇಜರು ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು, ಕೆಟ್ಟ ನಗೆಯೂ ಅಲ್ಲ, ಮಕ್ಕಳು ಏನಾದರೂ ಹೇಳಿದಾಗ ನಗುವಂಥದ್ದು. ಆದರೆ ಶಾಲೆಯ ವರಾಂಡ ಸಣ್ಣದು. ಎಲ್ಲರಿಗೂ ಕೇಳಿಸಿತು.

ಹಣಮಂತರಾಯರು ಎದ್ದು ನಿಂತರು. ಅವರ ಮುಖ ಕೆಂಪಾಗಿತ್ತು.

"ನಮ್ಮ ವೈನಿ ಮಾತಿಗೆ ನಗಬ್ಯಾಡ್ರಿ," ಅಂದರು. "ನಾ ನಕ್ಕಿಲ್ಲ. ನೀವ್ಯಾರ್ರಿ ನಗಾಕ?"

ಜೇಬಿನಿಂದ ಪೆನ್ನು ತೆಗೆದು ನನ್ನ ಮುಂದಿನ ಬೆಂಚಿನ ಮೇಲಿಟ್ಟರು. ಅದು ನಾನೇ ಬೆಳಿಗ್ಗೆ ಕೊಟ್ಟ ಕಂಪನಿಯ ಪೆನ್ನು. ಹೊರಗೆ ನಡೆದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ನನಗೆ ಆದ ಹಳಹಳಿ ಹೇಳತೀರದು. ಮಳೆಯಲ್ಲಿ, ಬಿಸಿಲಲ್ಲಿ ಅಲೆದು ಆಡಿಗೆ, ನೀರಿಗೆ, ಸಿಡಿಲಿಗೆ ಉತ್ತರ ಹುಡುಕಿದವನು ನಾನು. ಕೆಲಸ ಕೆಟ್ಟದ್ದು ಒಂದು ನಗೆಯಿಂದ. ಮ್ಯಾನೇಜರಿಗೆ ಏನಾಯಿತೆಂದೇ ಗೊತ್ತಾಗಲಿಲ್ಲ. ಕಾರು ಹತ್ತುವಾಗಲೂ ಕೇಳಿದರು, ನಾನು ಏನು ತಪ್ಪು ಮಾಡಿದೆ? ನಾನು ಕಾರಿನ ಬಾಗಿಲು ಹಾಕಿದೆ.

ಕಂಪನಿ ದೊಡ್ಡ ಗುಡ್ಡ ಬಿಟ್ಟಿತು. ಸಣ್ಣ ಗುಡ್ಡದ ಹೊಲಗಳು ಪಕ್ಕದ ಊರಿನವರವು. ಅವರ ಊರಿನಿಂದ ಆ ಗುಡ್ಡ ಕಾಣುವುದೂ ಇಲ್ಲ. ಹದಿನೈದು ದಿನದಲ್ಲಿ ಸಹಿ ಮಾಡಿಕೊಟ್ಟರು. ಆಡಿನ ದಾರಿಯನ್ನೂ ಅವರು ಕೇಳಲಿಲ್ಲ. ಆ ಕೆಲಸಕ್ಕೆ ಬೇರೊಬ್ಬ ಬಂದ. ನನ್ನ ಕಾಂಟ್ರಾಕ್ಟು ಮುಂದುವರಿಯುವುದಿಲ್ಲ ಎಂದು ಫೋನಿನಲ್ಲಿ ಹೇಳಿದರು. ರೇಣುಕಾಗೆ ಹೇಳಿದಾಗ ಅವಳು ಬೈಯಲಿಲ್ಲ. ನೀ ಮೊದಲು ಆರಾಮಾಗಿ ಮನೆಗೆ ಬಾ ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಊರು ಬಿಡುವ ಹೊತ್ತಿಗೆ ಎಳ್ಳಮಾಸಿ ಬಂತು. ಆ ದಿನ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಬುತ್ತಿ ಒಯ್ದು ಉಣ್ಣುತ್ತಾರೆ. ಶಾಂತಾಬಾಯಿ ನನ್ನನ್ನು ಬಿಡಲಿಲ್ಲ. ಎರಡು ಮನೆಗಳ ನಡುವಿನ ಬಾಗಿಲು ಆ ಸಭೆಯ ಸಂಜೆಯೇ ತೆರೆದಿತ್ತು. ಊಟ ಹಣಮಂತರಾಯರ ಹೊಲದಲ್ಲಿ, ಅಂದರೆ ಗುಡ್ಡದ ನೆತ್ತಿಯಲ್ಲಿ. ಸಜ್ಜಿರೊಟ್ಟಿ, ಭಜ್ಜಿಪಲ್ಯ, ಶೇಂಗಾ ಹೋಳಿಗೆ ಹೊತ್ತು ಅಷ್ಟು ಎತ್ತರ ಹತ್ತಿದೆವು. ಭೂತಾಯಿಯ ನೈವೇದ್ಯವೆಂದು ಹೊಲದ ನಾಲ್ಕು ಮೂಲೆಗೂ ಚರಗ ಚೆಲ್ಲಿ ಬಂದು ಹಣಮಂತರಾಯರು ನನ್ನ ಪಕ್ಕ ಕೂತರು. ಕೆಳಗೆ ಕೊಯ್ದ ತೊಗರಿಯ ಬಣವೆಗಳು, ಅಲ್ಲೊಂದು ಇಲ್ಲೊಂದು ರಾಶಿ ಮಷೀನು, ಹೊಟ್ಟಿನ ಧೂಳು ಮೇಲಿನವರೆಗೂ ಏರಿ ಬರುತ್ತಿತ್ತು. ದೂರದಲ್ಲಿ ಕೆರೆಯ ನೀರು ಹೊಳೆಯುತ್ತಿತ್ತು. ಚಂದವಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನೋಡಲು ಬಿಟ್ಟರಲ್ಲವೇ ಅವರು? ಮೊದಲ ತುತ್ತಿನಿಂದ ಕಡೆಯ ತುತ್ತಿನವರೆಗೆ ಎಲ್ಲರೂ ನನಗೆ ಬುದ್ಧಿ ಹೇಳಿದರು. ಕಂಪನಿಯವರು ಮೊದಲು ಇಂಥವರನ್ನು ಕೇಳಬೇಕಾಗಿತ್ತು, ಬ್ಯಾನರಿನಲ್ಲಿ ಬಾತುಕೋಳಿ ಹಾಕಬಾರದಾಗಿತ್ತು, ಆ ಮ್ಯಾನೇಜರು ಅವತ್ತು ಬರಬಾರದಾಗಿತ್ತು, ಇಷ್ಟು ಜಾಣತನ ಮಾಡಿದ್ದರೆ ಕೆಲಸ ಆಗುತ್ತಿತ್ತು ಎಂದು. ಆಗುತ್ತಿತ್ತೇನ್ರಿ ಎಂದು ನಾನು ಶಾಂತಾಬಾಯಿಯವರನ್ನು ಕೇಳಿದೆ. ಅವರು ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಇಲ್ಲ ಎಂದರು.

ಹೊಟ್ಟು ಬಿದ್ದ ಬುತ್ತಿಯ ಆ ದಿನವಾದ ಮೇಲೆ ಬಂದ ಭಾನುವಾರ ನಾನು ಬೈಕು ಹತ್ತಿ ಅಲ್ಲಿಗೆ ಹೋದೆ. ಯಾಕೆ ಹೋದೆ ಎಂದು ರೇಣುಕಾ ಕೇಳಿದರೆ ಹೇಳಲು ಬಾರದು. ಬಿಟ್ಟು ಬಂದ ಮೇಲೆ ಅದೇ ಮೊದಲು. ಸಣ್ಣ ಗುಡ್ಡದ ತುಂಬ ಈಗ ಫಲಕಗಳು, ಕಡುನೀಲಿ, ಸಾಲುಸಾಲು. ಸಂಜೆಗೆ ಅವು ಹೊಳೆದು ಬೆಳಕು ನೇರ ಶಾಂತಾಬಾಯಿಯವರ ಅಡಿಗೆ ಮನೆಗೆ ಹೊಡೆಯುತ್ತದಂತೆ. ಕಿಟಕಿಗೆ ಹಳೆಯ ಸೀರೆ ಕಟ್ಟಿದ್ದಾರೆ. ಇದರಿಂದ ದೊಡ್ಡ ಗುಡ್ಡವೂ ಅರ್ಧ ಮರೆಯಾಗಿದೆ. ನೋಡು ನಿಮ್ಮ ಕಂಪನಿ ಮಾಡಿದ ಕೆಲಸ ಎಂದು ಒಂದು ತಾಸು ನನ್ನನ್ನು ಬೈದರು. ನಾನು ಆ ಕಂಪನಿಯಲ್ಲಿಲ್ಲ ಅಕ್ಕಾರ, ನಿಮ್ಮಿಂದಲೇ ಬಿಟ್ಟೆ ಎಂದರೂ ಕೇಳಲಿಲ್ಲ. ನಾನು ತೆಪ್ಪಗೆ ಎದ್ದು ಸೀರೆಯನ್ನು ಬಿಚ್ಚಿ ಕಿಟಕಿಯ ಒಂದು ಬದಿಗೆ ಮಾತ್ರ ಬರುವಂತೆ ಕಟ್ಟಿಕೊಟ್ಟೆ. ಸಣ್ಣ ಗುಡ್ಡ ಮುಚ್ಚಿತು, ದೊಡ್ಡದು ಕಂಡಿತು. ಅವರು ನೋಡಿದರು. ಚಲೋ ಆತು ಅನ್ನಲಿಲ್ಲ. ಇಷ್ಟು ದಿನ ಇದು ಹೊಳೀಲಿಲ್ಲೇನು ನಿನಗ ಎಂದರು.

ಹೊರಡುವಾಗ ಹಣಮಂತರಾಯರು ಬೀದಿಯವರೆಗೆ ಬಂದರು. ಅವತ್ತೂ ಗುಡ್ಡದ ಹೊಲದಲ್ಲಿ ಕಲ್ಲು ಆರಿಸಿ ಬಂದಿದ್ದರು, ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ಹಿಂದೆ ತಿರುಗಿ ಮನೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿ, ಕಂಪನಿ ಮತ್ತೆ ಈ ಕಡೆ ಬರುವುದುಂಟೋ ಎಂದು ಕೇಳಿದರು. ಇಲ್ರಿ, ಬರುವುದಿಲ್ಲ, ಅವರ ಕೆಲಸ ಮುಗಿಯಿತು ಎಂದೆ.

"ಚಲೋ ಆತು ಬಿಡ್ರಿ," ಅಂದರು. ಬೈಕಿನ ಹ್ಯಾಂಡಲ್ ಮೇಲಿಟ್ಟ ಕೈ ತೆಗೆಯಲಿಲ್ಲ. ಆಮೇಲೆ ಹೇಳಿದರು: "ಬಂದ್ರ ಮಾತ್ರ ಮೊದಲ ನನಗ ಫೋನ್ ಮಾಡ್ರಿ. ವೈನಿಗಿ ಹೇಳಬ್ಯಾಡ್ರಿ."

ಒಳಗಿನಿಂದ ಶಾಂತಾಬಾಯಿಯವರ ದನಿ ಬಂತು: "ಕೇಳಸ್ತದ ಹಣಮಂತಾ."

ಇಬ್ಬರಿಗೂ ಕೇಳುವಂತೆ ನೋಡೂಣ್ರಿ ಎಂದು ಬೈಕು ಚಾಲು ಮಾಡಿದೆ.